ಬೆಟ್ಟದ ಚಿಟ್ಟೆಗೆ ಹೊರನಾಡಿನ ಹೆಸರು

ಊರು ಬಿಟ್ಟು ಬಂದು ದುಡಿಯುವ ನಮಗೆ ‘ಪರದೇಶಿ’ ಎಂಬ ಮಾತು ಹೊಸದಲ್ಲ. ಆಸ್ಟ್ರೇಲಿಯಾದ ಒಂದು ಚಿಟ್ಟೆ ಕುಲಕ್ಕೂ ಅಂಥದೇ ಹೆಸರಿದೆ: ಓರೈಝೆನಿಕಾ. ಗ್ರೀಕಿನಲ್ಲಿ ‘ಓರೋಸ್’ ಎಂದರೆ ಬೆಟ್ಟ, ‘ಝೆನಿಕೋಸ್’ ಎಂದರೆ ಹೊರನಾಡಿನದು.

ಈ ಹೆಸರಿಟ್ಟವರು ಇಬ್ಬರು ಗೆಳೆಯರು. ಗಸ್ಟೇವಸ್ ವಾಟರ್‌ಹೌಸ್ ಸಿಡ್ನಿಯ ಟಂಕಸಾಲೆಯಲ್ಲಿ ಚಿನ್ನದ ಶುದ್ಧತೆ ಪರೀಕ್ಷಿಸುತ್ತಿದ್ದರು. ಮೆಲ್ಬೋರ್ನ್ ಸಮೀಪದ ಗಿಸ್ಬೋರ್ನ್‌ನ ಜಾರ್ಜ್ ಲಯಲ್ ಹೈನುಗಾರಿಕೆ ಸಲಕರಣೆಗಳ ಉದ್ಯಮದಲ್ಲಿದ್ದರು. ಇಬ್ಬರಿಗೂ ಚಿಟ್ಟೆ ಸಂಬಳದ ಕೆಲಸವಾಗಿರಲಿಲ್ಲ. ಇವರು ಜೊತೆಯಾಗಿ ಬರೆದ ‘ದಿ ಬಟರ್‌ಫ್ಲೈಸ್ ಆಫ್ ಆಸ್ಟ್ರೇಲಿಯಾ’ 1914ರಲ್ಲಿ ಸಿಡ್ನಿಯಲ್ಲಿ ಪ್ರಕಟವಾಯಿತು. ಅದುವರೆಗೆ ‘ಝೆನಿಕಾ’ ಕುಲದಲ್ಲಿ ಬೆರೆತಿದ್ದ ಕೆಲವು ಬೆಟ್ಟದ ಚಿಟ್ಟೆಗಳನ್ನು ಅದರಲ್ಲಿ ಬೇರ್ಪಡಿಸಿ, ಹೊಸ ಕುಲವನ್ನೇ ಮಾಡಿದರು.

ಹಾಗೆಂದು ಹಿಂದಿನವರ ದುಡಿಮೆ ಅಳಿಸಿಹೋಗಲಿಲ್ಲ. ಸಿಡ್ನಿಯ ಆಲಿಫ್ 1890ರಲ್ಲಿ ವಿವರಿಸಿದ್ದ ಕಿತ್ತಳೆ ಬಣ್ಣದ ಚಿಟ್ಟೆಯನ್ನು ಇಂದಿಗೂ ‘ಓರೈಝೆನಿಕಾ ಕೊರಿಯೇ (ಆಲಿಫ್, 1890)’ ಎಂದೇ ಬರೆಯುತ್ತಾರೆ. ಪ್ರಭೇದವನ್ನು ಬೇರೆ ಕುಲಕ್ಕೆ ಸೇರಿಸಿದಾಗ, ಮೊದಲು ವಿವರಿಸಿದವರ ಹೆಸರನ್ನು ಹೀಗೆ ಆವರಣದೊಳಗೆ ಬರೆಯುವುದು ಪ್ರಾಣಿಗಳ ನಾಮಕರಣದ ನಿಯಮ.

ಈ ಕುಲದಲ್ಲಿ ಈಗ 6 ಪ್ರಭೇದಗಳಿವೆ. ಹೆಸರು ಹೊರನಾಡಿನದಾದರೂ ಇವು ಆಗ್ನೇಯ ಆಸ್ಟ್ರೇಲಿಯಾ ಮತ್ತು ಟಾಸ್ಮೇನಿಯಾ ಬಿಟ್ಟು ಬೇರೆಲ್ಲೂ ಇಲ್ಲ. ಇವುಗಳ ಮರಿಹುಳುಗಳು ಬೆಳೆಯುವುದೂ ಅಲ್ಲಿನ ಹುಲ್ಲು ತಿಂದೇ.

ಲಯಲ್ ತಮ್ಮ ಚಿಟ್ಟೆ, ಪತಂಗಗಳ ಸಂಗ್ರಹವನ್ನು ಮೆಲ್ಬೋರ್ನ್‌ನ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. 50 ಸಾವಿರಕ್ಕೂ ಹೆಚ್ಚು ಮಾದರಿಗಳು. ವಾಟರ್‌ಹೌಸ್ ಅವರ ಸಂಗ್ರಹ ಸಿಡ್ನಿಯ ಆಸ್ಟ್ರೇಲಿಯನ್ ಮ್ಯೂಸಿಯಂ ಸೇರಿತು. ಡ್ಯೂಟಿ ಮುಗಿದ ಮೇಲೆ ಉಳಿಯುವ ಹೊತ್ತು ಎಷ್ಟೆಂದು ನಮಗೆ ಗೊತ್ತು. ಅಂಥ ಹೊತ್ತಿನಲ್ಲೇ ಆದ ಕೆಲಸವಿದು.