ಮಧುಮೇಹ ಪಾದ: ಕಾಲು ಉಳಿಸುವ ಚಿಕಿತ್ಸೆಯ ಇತಿಹಾಸ

ಸಕ್ಕರೆ ಕಾಯಿಲೆ ಹಳೆಯದಾದಂತೆ ಹಲವರ ಪಾದಗಳಿಗೆ ಸ್ಪರ್ಶಜ್ಞಾನ ತಪ್ಪುತ್ತದೆ, ರಕ್ತಸಂಚಾರ ಕುಗ್ಗುತ್ತದೆ. ನಡೆಯುತ್ತಿದ್ದಂತೆ ಹವಾಯಿ ಚಪ್ಪಲಿ ಕಳಚಿ ಹಿಂದೆ ಉಳಿದದ್ದೂ ಗೊತ್ತಾಗುವುದಿಲ್ಲ. ಬೆಳಿಗ್ಗೆ ಚುಚ್ಚಿದ ಮುಳ್ಳು ಸಂಜೆ ಕಾಲು ತೊಳೆಯುವಾಗ ಕಣ್ಣಿಗೆ ಬೀಳುತ್ತದೆ. ಆಣಿಯ ಅಡಿಯಲ್ಲಿ ಹುಣ್ಣಾಗಿ, ಕೀವು ಮೂಳೆಗಿಳಿದರೆ ಕಾಲು ತೆಗೆಯುವ ಮಾತು ಬರುತ್ತದೆ. ಇಂಥ ಅಂಗಛೇದನಗಳಲ್ಲಿ ಶೇ 85ರಷ್ಟು ಶುರುವಾಗುವುದು ಪಾದದ ಹುಣ್ಣಿನಿಂದ.

1922ರಲ್ಲಿ ಇನ್ಸುಲಿನ್ ಬಳಕೆಗೆ ಬಂದು ಮಧುಮೇಹಿಗಳ ಆಯಸ್ಸು ಹೆಚ್ಚಿತು. ಬದುಕಿ ಉಳಿದವರನ್ನು ಅಂಗ ಕೊಳೆಯುವ ಗ್ಯಾಂಗ್ರೀನ್ ಕಾಡತೊಡಗಿತು. ಅದು ದೈವಲಿಖಿತವಲ್ಲ, ಅಲಕ್ಷ್ಯದ ಫಲ ಎಂದು ಬೋಸ್ಟನ್ನಿನ ವೈದ್ಯ ಎಲಿಯಟ್ ಜೋಸ್ಲಿನ್ 1934ರಲ್ಲೇ ವಾದಿಸಿದರು.

ಆದರೆ ಹುಣ್ಣಿನ ಗುಟ್ಟು ಬಿಚ್ಚಿಕೊಂಡದ್ದು ಕುಷ್ಠರೋಗದ ವಾರ್ಡಿನಲ್ಲಿ. ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿದ ಶಸ್ತ್ರವೈದ್ಯ ಪಾಲ್ ಬ್ರಾಂಡ್ 1946ರಲ್ಲಿ ವೆಲ್ಲೂರಿಗೆ ಬಂದರು. ಒಮ್ಮೆ ತುಕ್ಕು ಹಿಡಿದ ಬೀಗವೊಂದು ಅವರ ಕೈಗೆ ಜಗ್ಗಲಿಲ್ಲ. ಕುಷ್ಠ ತಗಲಿದ್ದ ಸಣಕಲು ಹುಡುಗ ಬಂದು ಕೀಲಿ ತಿರುಗಿಸಿಯೇಬಿಟ್ಟ. ಅವನ ಬೆರಳು ಮೂಳೆ ಕಾಣುವಷ್ಟು ಸೀಳಿ ರಕ್ತ ಸುರಿಯುತ್ತಿತ್ತು. ಅವನಿಗೆ ಅದರ ಪರಿವೆಯೇ ಇರಲಿಲ್ಲ. ಅಂಗವನ್ನು ತಿನ್ನುವುದು ರೋಗಾಣುವಿಗಿಂತ ಹೆಚ್ಚಾಗಿ ನೋವಿಲ್ಲದಿರುವಿಕೆ ಎಂಬ ಬ್ರಾಂಡ್ ಅವರ ನಿಲುವಿಗೆ ಇಂಥ ಅನುಭವಗಳೇ ಆಧಾರ. ಗಾಯದ ಮೇಲೆ ಭಾರ ಬೀಳದಂತೆ ಕಾಲಿಗೆ ಪ್ಲಾಸ್ಟರ್ ಪಟ್ಟಿ ಹಾಕುವುದು, ಮೃದು ರಬ್ಬರಿನ ಚಪ್ಪಲಿ ಕೊಡುವುದು ಹೀಗೆ ರೂಢಿಗೆ ಬಂತು. 1966ರಲ್ಲಿ ಅಮೆರಿಕದ ಕಾರ್ವಿಲ್ ಕುಷ್ಠಾಸ್ಪತ್ರೆ ಸೇರಿದ ಅವರು ಈ ಪಾಠವನ್ನು ಮಧುಮೇಹಿಗಳ ಪಾದಕ್ಕೂ ಅನ್ವಯಿಸಿದರು. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಅಂಗಾಲಿನ ಸಂವೇದನೆ ಅಳೆಯುವ ಕ್ರಮವೂ ಕಾರ್ವಿಲ್‌ನಿಂದಲೇ ಹರಡಿತು.

ಲಂಡನ್ನಿನ ಕಿಂಗ್ಸ್ ಕಾಲೇಜು ಆಸ್ಪತ್ರೆಯಲ್ಲಿ 1981ರಲ್ಲಿ ಶುರುವಾದ ಪಾದ ಕ್ಲಿನಿಕ್ ದೊಡ್ಡ ಅಂಗಛೇದನಗಳನ್ನು ಅರ್ಧದಷ್ಟು ತಗ್ಗಿಸಿತು. 1989ರ ಸೇಂಟ್ ವಿನ್ಸೆಂಟ್ ಘೋಷಣೆ ಯುರೋಪಿಗೆ ಇದೇ ಗುರಿಯನ್ನು ಐದು ವರ್ಷಕ್ಕೆ ನಿಗದಿ ಮಾಡಿತು. ಭಾರತದಲ್ಲಿ ಮಧುಮೇಹವೂ ಸೇರಿದ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ 100 ಜಿಲ್ಲೆಗಳಿಂದ ಆರಂಭವಾಯಿತು. ಬೆರಳು ಚುಚ್ಚಿ ಸಕ್ಕರೆ ನೋಡುವಷ್ಟು ಸಲೀಸಾಗಿ ಚಪ್ಪಲಿ ಬಿಚ್ಚಿಸಿ ಪಾದ ನೋಡುವ ಅಭ್ಯಾಸ ಮಾತ್ರ ಇನ್ನೂ ಬೇರೂರಿಲ್ಲ.

ಉಪಕರಣವಿಲ್ಲ ಎಂಬ ನೆಪವೂ ಈಗ ಸಲ್ಲದು. ಇಂಗ್ಲೆಂಡಿನ ಇಪ್ಸ್‌ವಿಚ್‌ನಲ್ಲಿ ರೂಪುಗೊಂಡು 2011ರಲ್ಲಿ ಪ್ರಕಟವಾದ ಪರೀಕ್ಷೆಗೆ ಬೇಕಾದ್ದು ತೋರುಬೆರಳೊಂದೇ. ರೋಗಿ ಕಣ್ಣು ಮುಚ್ಚಿರುವಾಗ ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಬೇಕು, ಒತ್ತಬಾರದು, ಸವರಬಾರದು. ಆರರಲ್ಲಿ ಎರಡು ಸ್ಪರ್ಶ ತಪ್ಪಿದರೂ ರೋಗಿಯ ಪಾದಗಳು ಅಪಾಯದಲ್ಲಿವೆ ಎಂದೇ ಲೆಕ್ಕ. ಆಶಾ ಕಾರ್ಯಕರ್ತೆ ಇದನ್ನು ಮನೆಯ ಜಗಲಿಯಲ್ಲೇ ಮಾಡಬಹುದು.