ಬೆಳೆದವನ ಬಾಣಲೆಗೇ ಎಣ್ಣೆ ಇಲ್ಲ!

ಸೂಪರ್ ಮಾರ್ಕೆಟ್‌ನಲ್ಲಿ ದುಬಾರಿ ಮದ್ಯದ ಬಾಟಲಿಗೆ ಕಳ್ಳತನ ತಡೆಯೋ ಬೀಗ ಹಾಕಿರೋದನ್ನ ನೀವು ನೋಡಿರಬಹುದು. ಅಡುಗೆ ಎಣ್ಣೆಯ ಬಾಟಲಿಗೆ ಬೀಗ ಹಾಕಿದ್ದು ನೋಡಿದ್ದೀರಾ? 2023ರಲ್ಲಿ ಸ್ಪೇನ್ ದೇಶದ ಅಂಗಡಿಗಳಲ್ಲಿ ಆಲಿವ್ ಎಣ್ಣೆಗೆ ಹಾಗೆ ಬೀಗ ಬಿತ್ತು. ವಿಪರ್ಯಾಸ ಏನು ಗೊತ್ತಾ? ಇಡೀ ಪ್ರಪಂಚದಲ್ಲೇ ಅತಿ ಹೆಚ್ಚು ಆಲಿವ್ ಎಣ್ಣೆ ತೆಗೆಯೋ ದೇಶ ಇದೇ ಸ್ಪೇನ್! ಅಲ್ಲಿನ ಹಾಯೆನ್ ಅನ್ನೋ ಒಂದೇ ಪ್ರಾಂತ್ಯದಲ್ಲಿ 6 ಕೋಟಿಗೂ ಹೆಚ್ಚು ಆಲಿವ್ ಮರಗಳಿವೆ. 2011ರ ಜನಗಣತಿಯಲ್ಲಿ ನಮ್ಮ ಇಡೀ ಕರ್ನಾಟಕದ ಜನಸಂಖ್ಯೆ ಇದ್ದದ್ದೇ ಸುಮಾರು 6 ಕೋಟಿ. ಅಷ್ಟು ಮರ ಇಟ್ಟುಕೊಂಡವರ ಮನೆಯಲ್ಲಿ ಎಣ್ಣೆಗೆ ಬರ ಬಂದದ್ದು ಹೇಗೆ?

ಇದು ಇವತ್ತಿನ ಕತೆಯಲ್ಲ. ಎರಡು ಸಾವಿರ ವರ್ಷ ಹಿಂದಕ್ಕೆ ಹೋಗೋಣ. ರೋಮ್ ನಗರದಲ್ಲಿ ಇವತ್ತಿಗೂ ಮೊಂಟೆ ಟೆಸ್ಟಾಚೋ ಅನ್ನೋ ಒಂದು ಗುಡ್ಡ ಇದೆ. ಅದು ದೇವರು ಮಾಡಿದ ಗುಡ್ಡ ಅಲ್ಲ. ಎಣ್ಣೆ ತುಂಬಿಕೊಂಡು ಬಂದ ಮಣ್ಣಿನ ಕೊಡಗಳನ್ನು ಒಡೆದು ಒಡೆದು ಹಾಕಿದ ರಾಶಿ! ಸುಮಾರು 5 ಕೋಟಿ ಕೊಡಗಳ ಚೂರು ಅಲ್ಲಿರಬಹುದು ಅಂತ ಅಂದಾಜು. ಅವುಗಳಲ್ಲಿ ಬಹುಪಾಲು ಬಂದದ್ದು ದಕ್ಷಿಣ ಸ್ಪೇನಿನಿಂದ. ಅಂದರೆ ಬೆಳೆಯೋದು ಇಲ್ಲಿ, ತಿನ್ನೋದು ಅಲ್ಲಿ ಅನ್ನೋ ಲೆಕ್ಕ ಆವತ್ತೇ ಶುರುವಾಗಿತ್ತು.

ಆಮೇಲೆ ಅರಬರು ಬಂದರು. ಸ್ಪ್ಯಾನಿಷ್ ಭಾಷೆಯಲ್ಲಿ ಎಣ್ಣೆಗೆ ಇರೋ 'ಅಸೇಯ್ತೆ' ಅನ್ನೋ ಪದ ಅರಬ್ಬಿಯದ್ದು. ಅವರ ಆಳ್ವಿಕೆ 1492ಕ್ಕೆ ಮುಗಿಯಿತು. ಆಮೇಲೆ ಎಣ್ಣೆಗೂ ಧರ್ಮ ಅಂಟಿಕೊಂಡಿತು. ಹಂದಿ ಕೊಬ್ಬಿನಲ್ಲಿ ಕರಿದರೆ ಕ್ರೈಸ್ತ, ಎಣ್ಣೆಯಲ್ಲಿ ಕರಿದರೆ ಗುಟ್ಟಾಗಿ ಯಹೂದಿಯೋ ಮುಸ್ಲಿಮನೋ ಇರಬೇಕು ಅಂತ ಅನುಮಾನ. ಪಕ್ಕದ ಮನೆಯ ಒಗ್ಗರಣೆ ವಾಸನೆ ಹಿಡಿದು ಧಾರ್ಮಿಕ ವಿಚಾರಣೆಯ ಮುಂದೆ ದೂರು ಹೇಳಿದವರೂ ಇದ್ದರು!

ಈಗ 20ನೇ ಶತಮಾನಕ್ಕೆ ಬನ್ನಿ. 1936ರಿಂದ 39ರವರೆಗೆ ಅಂತರ್ಯುದ್ಧ. ಗೆದ್ದವನು ಜನರಲ್ ಫ್ರಾಂಕೋ. ಯುದ್ಧ ಮುಗಿದರೂ ಹಸಿವು ಮುಗಿಯಲಿಲ್ಲ. 1939ರಿಂದ 1952ರವರೆಗೆ ರೇಷನ್ ಚೀಟಿ. ಎಣ್ಣೆಯೂ ಅಳತೆಯಲ್ಲೇ. ಚೀಟಿಯಲ್ಲಿ ಸಿಗದ ಎಣ್ಣೆ ಕಾಳಸಂತೆಯಲ್ಲಿ ಧಾರಾಳ. ದುಡ್ಡಿದ್ದವನಿಗೆ ಎಣ್ಣೆ, ಇಲ್ಲದವನಿಗೆ ಕ್ಯೂ.

1950ರ ದಶಕದಲ್ಲಿ ಅಮೆರಿಕ ನೆರವಿಗೆ ಬಂತು. ಪಿಎಲ್ 480 ಅಂದರೆ ನಮ್ಮ ಹಿರಿಯರಿಗೆ ತಕ್ಷಣ ನೆನಪಾಗುತ್ತೆ. ಅಮೆರಿಕದ ಗೋಧಿ ನಮ್ಮ ದೇಶದ ಬಂದರಿಗೆ ಬಂದದ್ದು ಅದೇ ಕಾನೂನಿನಡಿ. ನಮಗೆ ಗೋಧಿ ಬಂತು, ಸ್ಪೇನಿಗೆ ಸೋಯಾ ಎಣ್ಣೆ ಹೋಯಿತು. ಫ್ರಾಂಕೋ ಸರ್ಕಾರದ ಲೆಕ್ಕ ಸರಳ. ಅಗ್ಗದ ಸೋಯಾ ಎಣ್ಣೆ ಜನ ತಿನ್ನಲಿ, ನಮ್ಮ ಆಲಿವ್ ಎಣ್ಣೆ ಹೊರಗೆ ಮಾರಿ ಡಾಲರ್ ತರೋಣ. ಮರ ಅವರದ್ದೇ, ಬೆವರು ಅವರದ್ದೇ, ಬಾಣಲೆಯಲ್ಲಿ ಮಾತ್ರ ಬೇರೆಯವರ ಎಣ್ಣೆ.

ಸರ್ಕಾರದ ಸುಪರ್ದಿಯ ಎಣ್ಣೆಯಾದರೂ ಭದ್ರವಾಗಿತ್ತಾ? 1972ರಲ್ಲಿ ರೆದೊಂದೆಲಾ ಅನ್ನೋ ಊರಿನ ಟ್ಯಾಂಕುಗಳಲ್ಲಿ ಇಟ್ಟಿದ್ದ ಸರ್ಕಾರದ ಸುಮಾರು 4 ಸಾವಿರ ಟನ್ ಎಣ್ಣೆ ನಾಪತ್ತೆ! ಆ ಕಂಪನಿಯ ವ್ಯವಹಾರದಲ್ಲಿ ಕೇಳಿಬಂದ ಹೆಸರು ಯಾರದ್ದು? ಖುದ್ದು ಫ್ರಾಂಕೋನ ಅಣ್ಣ ನಿಕೊಲಾಸ್ ಫ್ರಾಂಕೋ ಅವರದ್ದು.

ನಿಜವಾದ ದುರಂತ ನಡೆದದ್ದು 1981ರಲ್ಲಿ. ಮೇ 1ನೇ ತಾರೀಕು, ಮ್ಯಾಡ್ರಿಡ್ ಪಕ್ಕದ ತೊರೆಹೋನ್ ಊರಿನಲ್ಲಿ 8 ವರ್ಷದ ಹುಡುಗನೊಬ್ಬ ಉಸಿರಾಡಲಾಗದೆ ಸತ್ತ. ನೋಡನೋಡುತ್ತಿದ್ದಂತೆ ಆಸ್ಪತ್ರೆಗಳು ತುಂಬಿಹೋದವು. ವೈದ್ಯರು ನ್ಯುಮೋನಿಯಾ ಅಂದರು. ಆರೋಗ್ಯ ಮಂತ್ರಿ ಏನಂದರು ಗೊತ್ತಾ? ಇದೊಂದು ಪುಟ್ಟ ಕ್ರಿಮಿ, ಮೇಜಿನಿಂದ ಕೆಳಗೆ ಬಿದ್ದರೆ ಸತ್ತೇ ಹೋಗುತ್ತೆ ಅಂತ! ಜೂನ್ 10ಕ್ಕೆ ಸರ್ಕಾರ ಸತ್ಯ ಒಪ್ಪಿಕೊಂಡಿತು. ಕೊಂದದ್ದು ಕ್ರಿಮಿಯಲ್ಲ, ಅಡುಗೆ ಎಣ್ಣೆ.

ಆಗಿದ್ದೇನು ಅಂದರೆ, ನಮ್ಮ ಸಾಸಿವೆಯ ದಾಯಾದಿ ರೇಪ್‌ಸೀಡ್ ಎಣ್ಣೆಯನ್ನು ಕಾರ್ಖಾನೆ ಬಳಕೆಗೆ ಅಂತ ಆಮದು ಮಾಡುತ್ತಿದ್ದರು. ಯಾರೂ ತಿನ್ನಬಾರದು ಅಂತ ಅದಕ್ಕೆ ಅನಿಲಿನ್ ಅನ್ನೋ ರಾಸಾಯನಿಕ ಬೆರೆಸುತ್ತಿದ್ದರು. ಖದೀಮರು ಅದನ್ನು ಶುದ್ಧ ಮಾಡಿದೆವು ಅಂತ ಹೇಳಿ, ಲೇಬಲ್ ಇಲ್ಲದ 5 ಲೀಟರಿನ ಪ್ಲಾಸ್ಟಿಕ್ ಕ್ಯಾನ್‌ಗಳಲ್ಲಿ ತುಂಬಿ, ಸಂತೆಗಳಲ್ಲಿ ಆಲಿವ್ ಎಣ್ಣೆ ಅಂತ ಮಾರಿದರು. ಕೊಂಡವರು ಯಾರು? ಅಸಲಿ ಎಣ್ಣೆಗೆ ದುಡ್ಡು ಸಾಲದ ಕೂಲಿಕಾರರು. ಸುಮಾರು 20 ಸಾವಿರ ಜನ ಕಾಯಿಲೆ ಬಿದ್ದರು, 300ಕ್ಕೂ ಹೆಚ್ಚು ಜನ ಸತ್ತರು. ಆ ಎಣ್ಣೆಯಲ್ಲಿ ಕೊಂದ ವಿಷ ನಿಖರವಾಗಿ ಯಾವುದು ಅಂತ ವಿಜ್ಞಾನಿಗಳಿಗೆ ಇವತ್ತಿಗೂ ಖಚಿತವಾಗಿಲ್ಲ.

1986ರಲ್ಲಿ ಸ್ಪೇನ್ ಯುರೋಪಿನ ಒಕ್ಕೂಟ ಸೇರಿತು. ಸಬ್ಸಿಡಿ ಬಂತು, ತೋಟ ಹೆಚ್ಚಿತು. 2010ರಲ್ಲಿ ಮೆಡಿಟರೇನಿಯನ್ ಊಟಕ್ಕೆ ಯುನೆಸ್ಕೋ ಮಾನ್ಯತೆ ಸಿಕ್ಕಿತು. ಹಿಂದೆ ಅನುಮಾನಕ್ಕೆ ಕಾರಣವಾಗಿದ್ದ ಎಣ್ಣೆ ಈಗ ಆರೋಗ್ಯದ ಗುರುತು, ದೇಶದ ಹೆಮ್ಮೆ. ಅಷ್ಟರಲ್ಲಿ ಮಳೆ ಕೈಕೊಟ್ಟಿತು. 2021-22ರಲ್ಲಿ 15 ಲಕ್ಷ ಟನ್ ಹತ್ತಿರ ಇದ್ದ ಉತ್ಪಾದನೆ ಮರುವರ್ಷವೇ ಏಳು ಲಕ್ಷ ಟನ್ನಿಗಿಂತ ಕೆಳಗೆ ಕುಸಿಯಿತು. ಮೂರ್ನಾಲ್ಕು ಯೂರೋಗೆ ಸಿಗುತ್ತಿದ್ದ ಲೀಟರು 2024ರ ಆರಂಭಕ್ಕೆ ಹತ್ತರ ಸನಿಹಕ್ಕೆ ಬಂತು. ಸರ್ಕಾರ ಆ ಜುಲೈನಿಂದ ಕೆಲವು ತಿಂಗಳು ತೆರಿಗೆಯನ್ನೇ ಸೊನ್ನೆ ಮಾಡಿತು. ಆದರೆ ಗೃಹಿಣಿ ಸರ್ಕಾರಕ್ಕೆ ಕಾಯೋದಿಲ್ಲವಲ್ಲ. ಆ ವರ್ಷದ ಮೊದಲ ಆರು ತಿಂಗಳಲ್ಲಿ ಆಲಿವ್ ಎಣ್ಣೆಗಿಂತ ಸೂರ್ಯಕಾಂತಿ ಎಣ್ಣೆಯೇ ಹೆಚ್ಚು ಮಾರಾಟವಾಯಿತು. ಆಮೇಲೆ ಮಳೆ ಬಂತು, ಬೆಲೆ ಇಳಿಯಿತು ಅನ್ನೋದು ಸಮಾಧಾನ.

ನಮಗೂ ಇದಕ್ಕೂ ಏನು ಸಂಬಂಧ ಅಂತೀರಾ? ನಾವು ತಿನ್ನೋ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಆಮದಿನದ್ದು. 2022ರಲ್ಲಿ ಉಕ್ರೇನಿನಲ್ಲಿ ಯುದ್ಧ ಶುರುವಾದಾಗ ನಮ್ಮ ಅಡುಗೆಮನೆಯ ಸೂರ್ಯಕಾಂತಿ ಎಣ್ಣೆಯ ಬೆಲೆ ಏರಿದ್ದು ನೆನಪಿದೆ ತಾನೇ? 1998ರಲ್ಲಿ ದೆಹಲಿಯಲ್ಲಿ ಅರ್ಜಿಮೋನ್ ಬೀಜದ ಎಣ್ಣೆ ಬೆರೆತ ಸಾಸಿವೆ ಎಣ್ಣೆ ತಿಂದು 60ಕ್ಕೂ ಹೆಚ್ಚು ಜನ ಸತ್ತಿದ್ದರು. ಎಣ್ಣೆ ಬಡವನ ಕೈಗೆ ಎಟುಕದೆ ಹೋದಾಗ ಕಲಬೆರಕೆಯವನಿಗೆ ಸುಗ್ಗಿ. ಹಾಗಾಗಿ ಎಣ್ಣೆ ಬೆಲೆ ಏರಿತು ಅನ್ನೋ ಸುದ್ದಿ ಬಂದಾಗ ಬರೀ ತಿಂಗಳ ಖರ್ಚಿನ ಲೆಕ್ಕ ಹಾಕಿ ಸುಮ್ಮನಾಗಬೇಡಿ. ಬಡವರ ಬೀದಿಯ ಅಂಗಡಿಯಲ್ಲಿ ಆವತ್ತು ಬಿಡಿಯಾಗಿ ಮಾರೋ ಎಣ್ಣೆ ಎಲ್ಲಿಂದ ಬಂತು ಅಂತ ಒಂದು ಪ್ರಶ್ನೆ ಕೇಳಿ. ತೊರೆಹೋನ್‌ನಲ್ಲಿ ಆ ಪ್ರಶ್ನೆಯನ್ನ ಯಾರೂ ಕೇಳಿರಲಿಲ್ಲ.