ಅಪರಾಧಶಾಸ್ತ್ರದ ಸ್ನಾತಕೋತ್ತರ ಅಧ್ಯಯನ: ಭಾರತದಲ್ಲಿ ಬೆಳೆದ ಬಗೆ

ಅಪರಾಧ ಏಕೆ ಘಟಿಸುತ್ತದೆ, ಸಮಾಜ ಅದನ್ನು ಹೇಗೆ ಗುರುತಿಸಿ ದಂಡಿಸುತ್ತದೆ, ದಂಡನೆಗೊಳಗಾದವನ ಮುಂದಿನ ಗತಿಯೇನು ಎಂಬುದನ್ನು ಪರಿಶೀಲಿಸುವ ಅಪರಾಧಶಾಸ್ತ್ರಕ್ಕೆ ಯುರೋಪಿನಲ್ಲಿ ರೂಪ ಕೊಟ್ಟವರು ಮುಖ್ಯವಾಗಿ ವೈದ್ಯರು ಮತ್ತು ಕಾನೂನು ಪಂಡಿತರು. ಇಟಲಿಯ ಚೆಸಾರೆ ಲೊಂಬ್ರೋಸೊ 1876ರಲ್ಲಿ ಅಪರಾಧಿಯ ಲಕ್ಷಣಗಳನ್ನು ದೇಹರಚನೆಯಲ್ಲಿ ಹುಡುಕಿದರೆ, ಭಾರತದಲ್ಲಿ ಬ್ರಿಟಿಷ್ ಸರ್ಕಾರವು ಅದಕ್ಕೂ ಮೊದಲೇ, 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಮೂಲಕ, ಇಡೀ ಸಮುದಾಯಗಳಿಗೆ ಹುಟ್ಟಿನಿಂದಲೇ ಕಳ್ಳರೆಂಬ ಹಣೆಪಟ್ಟಿ ಹಚ್ಚಿತ್ತು.

ಸ್ವಾತಂತ್ರ್ಯಾನಂತರ ವಿಶ್ವಸಂಸ್ಥೆಯ ತಜ್ಞರಾಗಿ ಬಂದ ಅಮೆರಿಕದ ವಾಲ್ಟರ್ ರೆಕ್ಲೆಸ್ ಅವರು ಕಾರಾಗೃಹಗಳ ಸುಧಾರಣೆಯ ಕುರಿತು ವರದಿ ನೀಡಿದ ಹಿನ್ನೆಲೆಯಲ್ಲಿ, ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯು ಈ ವಿಷಯವನ್ನು ಸಮಾಜಕಾರ್ಯದ ಅಂಗವಾಗಿ ಬೆಳೆಸಿತು. ವಿಶ್ವವಿದ್ಯಾಲಯಗಳು ಹಿಡಿದ ದಾರಿ ಬೇರೆ. 1959ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ತನ್ನ ಅಪರಾಧಶಾಸ್ತ್ರ ಸಂಸ್ಥೆಯನ್ನು ಕಾನೂನು ನಿಕಾಯದೊಳಗೆ ಸ್ಥಾಪಿಸಿದರೆ, ಅದೇ ವರ್ಷ ಮಧ್ಯಪ್ರದೇಶದ ಸಾಗರ ವಿಶ್ವವಿದ್ಯಾಲಯವು ಅಪರಾಧಶಾಸ್ತ್ರವನ್ನು ವಿಧಿವಿಜ್ಞಾನದೊಂದಿಗೆ, ಎಂದರೆ ರಕ್ತದ ಕಲೆ, ಬೆರಳಚ್ಚು, ವಿಷ ಮುಂತಾದ ಭೌತಿಕ ಸಾಕ್ಷ್ಯಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುವ ವಿದ್ಯೆಯೊಂದಿಗೆ, ಒಂದೇ ವಿಭಾಗದಲ್ಲಿ ಕೂಡಿಸಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವಿಭಾಗದ್ದೂ ಇದೇ ಜೋಡಿ ಹೆಸರು. ಈ ಜೋಡಣೆ ವಿದ್ಯಾರ್ಥಿಗಳಿಗೆ ಉದ್ಯೋಗದ ಬಾಗಿಲು ತೆರೆಯಿತಾದರೂ, ಅಪರಾಧದ ಸಾಮಾಜಿಕ ಕಾರಣಗಳ ಶೋಧವನ್ನು ಪ್ರಯೋಗಾಲಯದ ನೆರಳಿಗೆ ತಳ್ಳಿತೆಂದೇ ಹೇಳಬೇಕು.

ಪಠ್ಯಕ್ರಮ ಕಾಲಕ್ರಮೇಣ ಹಿಗ್ಗಿತು. ಅಪರಾಧಕ್ಕೆ ಗುರಿಯಾದವರನ್ನು ಅಧ್ಯಯನದ ಕೇಂದ್ರಕ್ಕೆ ತರುವ ಸಂತ್ರಸ್ತಶಾಸ್ತ್ರಕ್ಕೆ ಮದ್ರಾಸ್ ವಿಶ್ವವಿದ್ಯಾಲಯ ನೆಲೆಯಾಯಿತು. ತಿರುನೆಲ್ವೇಲಿಯ ಮನೋನ್ಮಣಿಯಂ ಸುಂದರನಾರ್ ವಿಶ್ವವಿದ್ಯಾಲಯದಲ್ಲಿದ್ದ ಕೆ. ಜೈಶಂಕರ್ 2007ರಲ್ಲಿ ಸೈಬರ್ ಅಪರಾಧಶಾಸ್ತ್ರಕ್ಕೆ ಮೀಸಲಾದ ಅಂತರರಾಷ್ಟ್ರೀಯ ನಿಯತಕಾಲಿಕವನ್ನು ಆರಂಭಿಸಿದರು.

ಸಂಶೋಧನಾ ವಿಧಾನದ ಬೋಧನೆ ಮಾತ್ರ ಇಂದಿಗೂ ದುರ್ಬಲ ಕೊಂಡಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವಾರ್ಷಿಕ ಕೋಷ್ಟಕಗಳು ದಾಖಲಾದ ಪ್ರಕರಣಗಳನ್ನಷ್ಟೇ ಎಣಿಸುತ್ತವೆ. ಒಂದೇ ಎಫ್‌ಐಆರ್‌ನಲ್ಲಿ ಅತ್ಯಾಚಾರವೂ ಕೊಲೆಯೂ ಸೇರಿದ್ದರೆ, ಅತಿ ಗಂಭೀರವಾದುದನ್ನೇ ಲೆಕ್ಕಕ್ಕೆ ಹಿಡಿಯುವ ಪ್ರಧಾನ ಅಪರಾಧ ನಿಯಮದಂತೆ, ಅದು ಕೊಲೆಯೆಂದೇ ಎಣಿಕೆಯಾಗುತ್ತದೆ. ಇಷ್ಟನ್ನು ಅರಿಯದೆ ಈ ಅಂಕಿಗಳ ಮೇಲೆ ಕಟ್ಟಿದ ಪ್ರಬಂಧ, ಪೊಲೀಸ್ ಠಾಣೆಯ ನೋಂದಣಿ ಪದ್ಧತಿಯನ್ನೇ ಸಮಾಜದ ಸ್ಥಿತಿಯೆಂದು ಓದುವ ಅಪಾಯಕ್ಕೆ ಸಿಲುಕುತ್ತದೆ.

2020ರಲ್ಲಿ ಸಂಸತ್ತಿನ ಕಾಯಿದೆಯಿಂದ ಸ್ಥಾಪಿತವಾದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯವು ಧಾರವಾಡಕ್ಕೂ ಕಾಲಿಟ್ಟಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು, ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಗೆ ಅರ್ಹವಾದ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಭೇಟಿ ನೀಡಬೇಕೆಂದು ವಿಧಿಸಿ, ರಾಜ್ಯಗಳು ಇದನ್ನು ಜಾರಿಗೊಳಿಸಲು ಐದು ವರ್ಷಗಳ ಅವಕಾಶ ಕೊಟ್ಟಿದೆ. ಪ್ರಯೋಗಾಲಯದ ಶಾಖೆ ಹೀಗೆ ಸ್ವಂತ ಬಲದ ಮೇಲೆ ನಿಂತಿರುವಾಗ, ಜೋಡಿ ಹೆಸರಿನ ವಿಭಾಗಗಳು ಕಾರಾಗೃಹ, ನ್ಯಾಯಾಲಯ ಮತ್ತು ಬಾಲನ್ಯಾಯ ಮಂಡಳಿಗಳಲ್ಲಿನ ಕ್ಷೇತ್ರಕಾರ್ಯವನ್ನು ಸ್ನಾತಕೋತ್ತರ ಪದವಿಯ ಕಡ್ಡಾಯ ಭಾಗವಾಗಿಸಲು ಇದಕ್ಕಿಂತ ಸೂಕ್ತ ಸಮಯವಿಲ್ಲ.